ಪರದೇಶಕ್ಕೆ ಹೋದ ಪ್ಲೇಯರ್ ಕೈಕೊಟ್ಟರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಾಸರಗೋಡಿನ ಕಡೆ ಮನೆಗೊಬ್ಬರಾದರೂ ಗಲ್ಫ್‌ನಲ್ಲಿ ಇರುವುದು ಮಾಮೂಲು. ಬಜ್ಪೆಯಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವವರ ಬ್ಯಾಗಿನಲ್ಲಿ ಫೋನ್ ಅಂತೂ ಇದ್ದೇ ಇರುತ್ತದೆ. ಅದರ ಜೊತೆ ಒಂದು ಟ್ಯಾಬ್, ಕೆಲವರ ಹತ್ತಿರ ಇನ್ನೂ ಹಳೆಯ ಪೋರ್ಟಬಲ್ ಡಿವಿಡಿ ಪ್ಲೇಯರ್, ಪೆನ್‌ಡ್ರೈವ್ ತುಂಬ ಯಕ್ಷಗಾನ, ಮಗುವಿನ ನಾಮಕರಣದ ವಿಡಿಯೊ. ಅಲ್ಲಿ ಇಳಿದು ರೂಮಿಗೆ ಹೋಗಿ ನೋಡಿದರೆ ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ನಾನು ರಿಪೇರಿ ಅಂಗಡಿ ಇಟ್ಟುಕೊಂಡವನು. ವಾಟ್ಸಾಪ್‌ನಲ್ಲಿ ನನಗೆ ಬರುವ ವಾಯ್ಸ್ ಮೆಸೇಜುಗಳಲ್ಲಿ ಹೆಚ್ಚಿನವು ಇದೇ ವಿಷಯ.

ಇವನ್ನೆಲ್ಲ ಕೇಳಿ ಕೇಳಿ ನನಗೆ ಖಾತ್ರಿಯಾದ ಮಾತು ಒಂದು. ಊರಲ್ಲಿ ಚೆನ್ನಾಗಿ ಓಡುತ್ತಿದ್ದ ಸಾಧನ ಪರದೇಶದಲ್ಲಿ ನಿಂತರೆ, ಆ ಸಾಧನವೇ ಹಾಳಾಗಿರುವುದು ಕಡಿಮೆ. ಅಲ್ಲಿನ ಸಾಕೆಟ್, ಅಲ್ಲಿನ ಕರೆಂಟು, ಅಲ್ಲಿನ ಸೆಕೆ, ಅಲ್ಲಿನ ಲೈಸೆನ್ಸ್, ಇವುಗಳಲ್ಲಿ ಯಾವುದೋ ಒಂದರ ಜೊತೆ ಅದಕ್ಕೆ ಹೊಂದಿಕೆ ಆಗಿರುವುದಿಲ್ಲ. ಅದು ಯಾವುದು ಎಂದು ಗೊತ್ತಾದರೆ ಬಹಳಷ್ಟು ಸಲ ಖರ್ಚಿಲ್ಲದೆ ಸರಿಹೋಗುತ್ತದೆ.

ಮೊದಲು ಮಾಡಬಾರದ್ದು

ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಪೆನ್‌ಡ್ರೈವ್ ಹಾಕಿದಾಗ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನಿ. ದಾರಿಬದಿಯ ಅಂಗಡಿಯಲ್ಲಿ ಸಾಧನವನ್ನು ಬಿಚ್ಚಲು ಕೊಡಬೇಡಿ. ಚಾರ್ಜರ್ ಕೆಟ್ಟದ್ದಕ್ಕೆ ಫೋನ್ ರೀಸೆಟ್ ಮಾಡಿಸಿಕೊಂಡು, ತೀರಿಹೋದ ಅಮ್ಮನ ವಿಡಿಯೊಗಳನ್ನು ಕಳಕೊಂಡವರನ್ನು ನಾನು ನೋಡಿದ್ದೇನೆ. ಆ ಸಂಕಟಕ್ಕೆ ನನ್ನ ಹತ್ತಿರ ಮದ್ದಿಲ್ಲ. ಹಾಗಾಗಿ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಅಡಾಪ್ಟರ್, ಸಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಪ್ಲೇಯರ್ ಓಡಬಹುದು, ಆದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ಲೈಟೇ ಬರುತ್ತಿಲ್ಲ

ಸಾಕೆಟ್‌ನಿಂದ ಶುರುಮಾಡಿ. ಅದೇ ಸಾಕೆಟ್‌ಗೆ ರೂಮ್‌ಮೇಟಿನ ಚಾರ್ಜರ್ ಹಾಕಿ ನೋಡಿ. ಅದೂ ಓಡದಿದ್ದರೆ ನಿಮ್ಮ ಸಾಧನದ ತಪ್ಪಿಲ್ಲ. ಹೋಟೆಲ್ ಆದರೆ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಕೀ ಕಾರ್ಡ್ ಇದೆಯೋ ನೋಡಿ. ಕಾರ್ಡ್ ತೆಗೆದುಕೊಂಡು ಹೊರಗೆ ಹೋದರೆ ತುಂಬ ಕಡೆ ರೂಮಿನ ಕರೆಂಟೇ ಹೋಗುತ್ತದೆ. ಬೆಳಿಗ್ಗೆ ಚಾರ್ಜಿಗೆ ಇಟ್ಟು ತಿರುಗಾಡಲು ಹೋದವರು ಸಂಜೆ ಬಂದು 'ಬ್ಯಾಟರಿ ಕೆಟ್ಟಿತು' ಎನ್ನುವುದು ಇದರಿಂದಲೇ. ಅಮೆರಿಕದ ಮನೆಗಳಲ್ಲಿ ಕೆಲವು ಸಾಕೆಟ್‌ಗಳು ಗೋಡೆಯ ಲೈಟ್ ಸ್ವಿಚ್ಚಿನ ಜೊತೆ ಸೇರಿರುತ್ತವೆ. ಲೈಟ್ ಆರಿಸಿ ಮಲಗಿದರೆ ಚಾರ್ಜ್ ಕೂಡ ನಿಂತಿರುತ್ತದೆ.

ಮುಂದಿನದು ಪಿನ್. ದುಬೈ, ಅಬುಧಾಬಿ, ದೋಹಾ, ಮಸ್ಕತ್, ಕುವೈತ್, ಬಹ್ರೇನ್ ಎಲ್ಲ ಕಡೆ ಇರುವುದು ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಪಿನ್ನಿನ ಸಾಕೆಟ್. ಸಿಂಗಾಪುರ, ಮಲೇಷ್ಯಾದಲ್ಲೂ ಅದೇ. ನಮ್ಮ ಚಾರ್ಜರ್‌ಗಳದ್ದು ಎರಡು ಉರುಟು ಪಿನ್. ಆ ಸಾಕೆಟ್‌ನ ತೂತುಗಳ ಒಳಗೆ ಒಂದು ಪರದೆ ಇರುತ್ತದೆ. ಮೇಲಿನ ಉದ್ದದ ಅರ್ತ್ ಪಿನ್ ಒಳಗೆ ಹೋದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ರೂಮುಗಳಲ್ಲಿ ಇರುವವರು ಪೆನ್ನಿನ ತುದಿಯನ್ನೋ ಕೀಯನ್ನೋ ಮೇಲಿನ ತೂತಿಗೆ ತುರುಕಿ ಎರಡು ಪಿನ್ನಿನ ಚಾರ್ಜರ್ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶಾಕ್ ಹೊಡೆಯುವ ಅಪಾಯ ಒಂದು ಕಡೆ. ಸಡಿಲ ಕೂತ ಪಿನ್ ಕಿಡಿ ಹಾರಿಸಿ ಚಾರ್ಜರನ್ನು ಸುಡುವುದು ಇನ್ನೊಂದು ಕಡೆ. ಪಿನ್ನಿನ ಬುಡ ಕಪ್ಪಾಗಿ ಪ್ಲಾಸ್ಟಿಕ್ ಕರಗಿದ್ದರೆ ಕಾರಣ ಬಹುಪಾಲು ಇದೇ ಆಗಿರುತ್ತದೆ.

ಅಲ್ಲಿನ ಪ್ಲಗ್ಗಿನ ಒಳಗೆ ಒಂದು ಚಿಕ್ಕ ಫ್ಯೂಸ್ ಇರುತ್ತದೆ, 3 ಆಂಪಿಯರ್‌ದು ಅಥವಾ 13 ಆಂಪಿಯರ್‌ದು. ನಮ್ಮ ಪ್ಲಗ್ಗಿನಲ್ಲಿ ಇದು ಇರುವುದಿಲ್ಲ, ಹಾಗಾಗಿ ನಮ್ಮವರಿಗೆ ಇದರ ನೆನಪೇ ಬರುವುದಿಲ್ಲ. ಅಲ್ಲೇ ಕೊಂಡ ಚಾರ್ಜರ್ ಅಥವಾ ಎಕ್ಸ್‌ಟೆನ್ಶನ್ ಬೋರ್ಡ್ ಇದ್ದಕ್ಕಿದ್ದಂತೆ ನಿಂತರೆ ಆ ಫ್ಯೂಸ್ ನೋಡಿ. ಬದಲಿಸುವಾಗ ಮೊದಲಿದ್ದಷ್ಟೇ ಆಂಪಿಯರಿನದು ಹಾಕಿ.

ಈಗ ಅಡಾಪ್ಟರ್ ಮೇಲಿನ ಚಿಕ್ಕ ಅಕ್ಷರಗಳು. ಇಡೀ ಬರಹದಲ್ಲಿ ನೀವು ನೆನಪಿಡಬೇಕಾದ ಒಂದೇ ಒಂದು ಸಾಲು ಇದ್ದರೆ ಅದು ಇಲ್ಲಿದೆ. 'ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್' ಎಂದು ಬರೆದಿದ್ದರೆ ಆ ಅಡಾಪ್ಟರ್ ಸಾಮಾನ್ಯವಾಗಿ ಯಾವ ದೇಶದಲ್ಲೂ ನಡೆಯುತ್ತದೆ, ಪಿನ್ ಹೊಂದಿದರೆ ಸಾಕು. ಬರೀ '220-240' ಅಂತ ಇದ್ದರೆ ಜಾಗ್ರತೆ.

ದಮ್ಮಾಮ್‌ನಲ್ಲಿ ಡ್ರೈವರ್ ಆಗಿರುವ ನಮ್ಮ ಪೆರ್ಲದ ಹುಡುಗನೊಬ್ಬ ಫೋನ್ ಮಾಡಿದ್ದ.

"ಅಣ್ಣಾ, ಪ್ಲೇಯರ್ ಸತ್ತೇಹೋಗಿದೆ. ಹಸಿರು ಲೈಟ್ ಒಮ್ಮೆ ಬರ್ತದೆ, ಆರ್ತದೆ."

"ಅಡಾಪ್ಟರ್ ಮೇಲೆ ಎಂಥ ಬರ್ದಿದೆ, ಓದು ಮಾರಾಯ."

"ಇನ್‌ಪುಟ್ 220-240 ಅಂತ ಉಂಟು."

"ನೀನಿರುವ ಬಿಲ್ಡಿಂಗ್ ಹಳೆಯದಾ?"

"ಹೌದು, ತುಂಬ ಹಳತು. ಯಾಕೆ?"

ಯಾಕೆಂದರೆ ಸೌದಿಯಲ್ಲಿ ಹಿಂದೆ ಮನೆಯ ಮಾಮೂಲಿ ಸಾಕೆಟ್‌ಗೆ 127 ವೋಲ್ಟ್, ಎಸಿಯಂಥ ದೊಡ್ಡ ಸಾಮಾನಿಗೆ 220 ವೋಲ್ಟ್ ಕೊಡುತ್ತಿದ್ದರು. ಹೊಸ ಕಟ್ಟಡಗಳಿಗೆ ಈಗ 230 ವೋಲ್ಟ್. ಹಳೆಯ ಕಟ್ಟಡಗಳಲ್ಲಿ 127 ಇನ್ನೂ ಉಳಿದಿದೆ. 220 ಬೇಕೆನ್ನುವ ಅಡಾಪ್ಟರ್‌ಗೆ 127 ಕೊಟ್ಟರೆ ಅದು ಏಳಲು ನೋಡಿ ಬೀಳುತ್ತದೆ. ಲೈಟ್ ಮಿನುಗಿ ಆರುವುದು ಅದಕ್ಕೇ. ಆ ಹುಡುಗ 100-240 ಎಂದು ಬರೆದ ಅಡಾಪ್ಟರ್ ಕೊಂಡ. ಪ್ಲೇಯರ್ ಆ ರಾತ್ರಿಯೇ ಓಡಿತು.

ಹೊಸ ಅಡಾಪ್ಟರ್ ಕೊಳ್ಳುವಾಗ ಔಟ್‌ಪುಟ್ ಸಾಲನ್ನೂ ಹೊಂದಿಸಬೇಕು. ಪೋರ್ಟಬಲ್ ಡಿವಿಡಿ ಪ್ಲೇಯರ್‌ಗಳು ಹೆಚ್ಚಾಗಿ 9 ಅಥವಾ 12 ವೋಲ್ಟ್ ಕೇಳುತ್ತವೆ. ಹಳೆಯದರಲ್ಲಿ ಎಷ್ಟು ವೋಲ್ಟ್ ಇತ್ತೋ ಹೊಸದರಲ್ಲೂ ಅಷ್ಟೇ ಇರಲಿ. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಮೂರನೆಯದು ಪ್ಲಸ್ ಮೈನಸ್. ಲೇಬಲ್ಲಿನಲ್ಲಿ ಅರ್ಧ ವೃತ್ತದ ಒಳಗೊಂದು ಚುಕ್ಕೆ, ಎರಡಕ್ಕೂ ಗೆರೆ ಎಳೆದು ಪ್ಲಸ್ ಮೈನಸ್ ಹಾಕಿದ ಚಿತ್ರ ಇರುತ್ತದೆ. ಚುಕ್ಕೆಗೆ ಪ್ಲಸ್ ಇದ್ದರೆ ಪಿನ್ನಿನ ಒಳಭಾಗ ಪ್ಲಸ್ ಎಂದರ್ಥ. ಎರಡೂ ಅಡಾಪ್ಟರಿನ ಚಿತ್ರ ಒಂದೇ ತೆರ ಇರಬೇಕು. ಪಿನ್ ಸೈಜ್ ಸರಿಹೊಂದಿತು ಅಂತ ಸುಮ್ನೆ ಹಾಕಿಬಿಟ್ಟರೆ ಒಳಗಿನ ಬೋರ್ಡೇ ಹೋಗುತ್ತದೆ. ಆಗ ಅದು ನಿಜವಾಗಿ ಕೆಟ್ಟಂತೆ.

ಲಾರಿ ಓಡಿಸುವವರು ಇನ್ನೊಂದು ನೋಡಿಕೊಳ್ಳಬೇಕು. ಕಾರಿನ ಲೈಟರ್ ಸಾಕೆಟ್‌ನಲ್ಲಿ ಸಿಗುವುದು 12 ವೋಲ್ಟ್. ದೊಡ್ಡ ಲಾರಿ, ಟ್ರೈಲರ್‌ಗಳಲ್ಲಿ ಹೆಚ್ಚಾಗಿ 24. ಪ್ಲೇಯರ್ ಜೊತೆ ಬಂದ ಕಾರ್ ಕೇಬಲ್ ಎಷ್ಟೋ ಸಲ ಬರೀ ವಯರ್, ಅದರೊಳಗೆ ವೋಲ್ಟೇಜ್ ಇಳಿಸುವ ಯಾವ ವ್ಯವಸ್ಥೆಯೂ ಇರುವುದಿಲ್ಲ. ಅದನ್ನು 24ಕ್ಕೆ ಹಾಕಿದರೆ 12ರ ಪ್ಲೇಯರ್‌ಗೆ ನೇರ ಎರಡು ಪಟ್ಟು ಹೋಗುತ್ತದೆ. '12-24 ವೋಲ್ಟ್' ಎಂದು ಬರೆದ ಕಾರ್ ಅಡಾಪ್ಟರ್ ಮಾತ್ರ ಬಳಸಿ.

ಅಮೆರಿಕ, ಕೆನಡಾದಲ್ಲಿ 120 ವೋಲ್ಟ್. ಜಪಾನಿನಲ್ಲಿ 100. ಅಲ್ಲಿಗೆ ಹೋಗುವವರಿಗೆ ಟ್ರಾವೆಲ್ ಅಡಾಪ್ಟರ್ ಬೇರೆ, ಕನ್ವರ್ಟರ್ ಬೇರೆ ಎಂಬುದು ಗೊತ್ತಿರಬೇಕು. ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗೆಂದು ಮಾಡಿದ ಹಗುರ ಕನ್ವರ್ಟರುಗಳು ಬರುತ್ತವೆ. ಅವುಗಳ ಕರೆಂಟು ಎಲೆಕ್ಟ್ರಾನಿಕ್ ಸಾಮಾನಿಗೆ ಆಗುವುದಿಲ್ಲ. ಇದರ ತಿರುಗು ಕಥೆಯೂ ಇದೆ. ಅಮೆರಿಕದ ಸಂಬಂಧಿಕರು ಪ್ರೀತಿಯಿಂದ ತಂದುಕೊಟ್ಟ ಬರೀ 120 ವೋಲ್ಟಿನ ಸಾಮಾನನ್ನು ನಮ್ಮ 230ಕ್ಕೆ ಹಾಕಿದರೆ ಕ್ಷಣದಲ್ಲಿ ಹೊಗೆ ಬರುತ್ತದೆ. ಹಾಕುವ ಮೊದಲು ಲೇಬಲ್ ಓದಿ.

ಚಾರ್ಜ್ ನಿಲ್ಲುತ್ತದೆ, ಬಿಸಿಯಾಗುತ್ತದೆ

ಮೊದಲ ಅನುಮಾನ ಕೇಬಲ್ ಮೇಲೆ ಇರಲಿ. ಚಾರ್ಜ್ ನಿಧಾನವಾದರೆ ಕೇಬಲ್ ಬದಲಿಸಿ ನೋಡಿ, ಆಮೇಲೆ ಅಡಾಪ್ಟರ್, ಕೊನೆಗೆ ಫೋನಿನ ಪೋರ್ಟ್. ಪೋರ್ಟಿನ ಒಳಗೆ ಜೇಬಿನ ನೂಲು, ಧೂಳು ಒತ್ತಿ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಸ್ವಲ್ಪ ಹೊರಗೆ ನಿಂತಂತೆ ಕಂಡರೆ ಇದೇ ಕಾರಣ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಗುಂಡುಸೂಜಿ ಬೇಡ.

ಗಲ್ಫ್‌ನ ಬೇಸಿಗೆಯಲ್ಲಿ ಸೆಕೆಯ ತೊಂದರೆ ಬೇರೆಯೇ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಒಳಗೆ ಮಾತ್ರ ಚಾರ್ಜ್ ಮಾಡಬಹುದು. ಐಫೋನ್ ಬಳಸಲು ಆಪಲ್ ಹೇಳುವ ಹೊರಗಿನ ತಾಪಮಾನ 35 ಡಿಗ್ರಿಯವರೆಗೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇದೆಲ್ಲ ಎಲ್ಲಿಗೆ ಸಾಕು? ಚಾರ್ಜ್ ಶೇಕಡಾ 80ರ ಹತ್ತಿರ ನಿಂತರೆ, ಪರದೆ ತಾನಾಗಿ ಮಂಕಾದರೆ, ಫೋನ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದು ತಿಳಿಯಿರಿ. ಕವರ್ ತೆಗೆದು ನೆರಳಿನಲ್ಲಿ ಇಡಿ. ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ.

ನೀರು ಕಟ್ಟುವುದು ಫ್ರಿಜ್ ಇಲ್ಲದೆಯೂ ಆಗುತ್ತದೆ. ತಣ್ಣಗಿನ ಎಸಿ ರೂಮಿನಿಂದ ದುಬೈಯ ಕಡಲ ಕಡೆಯ ಬೆವರು ಗಾಳಿಗೆ ಹೊರಬಂದರೆ ಕನ್ನಡಕ ಮಂಜಾಗುತ್ತದೆ, ಅಲ್ವಾ? ಡಿವಿಡಿ ಪ್ಲೇಯರಿನ ಲೆನ್ಸಿನ ಮೇಲೂ ಅದೇ ಆಗುತ್ತದೆ, ಡಿಸ್ಕ್ ಓದುವುದಿಲ್ಲ. ಫೋನ್ ಆದರೆ ಪೋರ್ಟಿನಲ್ಲಿ ತೇವ ಇದೆ ಎಂದು ಎಚ್ಚರಿಕೆ ತೋರಿಸುತ್ತದೆ. ಸ್ವಿಚ್ ಆಫ್ ಮಾಡಿ ಒಂದೆರಡು ಗಂಟೆ ಸುಮ್ಮನೆ ಬಿಡಿ. ಒರೆಸುವುದೂ ಬೇಡ, ಊದುವುದೂ ಬೇಡ.

ಪೆನ್‌ಡ್ರೈವ್ ಕಾಣುವುದಿಲ್ಲ, ಆಟ ಅರ್ಧಕ್ಕೆ ನಿಲ್ಲುತ್ತದೆ

ನನಗೆ ಬರುವ ದೂರುಗಳಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇದು. ಯಾಕೆಂದರೆ ಇದರ ಹಿಂದೆ ಯಕ್ಷಗಾನ ಇರುತ್ತದೆ. ನಾವು ಆಟ ಎನ್ನುವುದು ಅದನ್ನೇ. ಕುಂಬಳೆ ಸೀಮೆಯವನು ಎಲ್ಲಿಗೆ ಹೋದರೂ ಆಟ ಬಿಟ್ಟು ಇರಲಾರ. ಊರಿನ ಬಯಲಾಟವನ್ನು ಯಾರೋ ಕ್ಯಾಮೆರಾದಲ್ಲಿ ಹಿಡಿದಿರುತ್ತಾರೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಕುವೈತಿನ ಭಾವನಿಗೆ ಕಳಿಸುತ್ತಾರೆ. ಅಲ್ಲಿ ಹಾಕಿದರೆ ಚೌಕಿ ಪೂಜೆ ಕಾಣುತ್ತದೆ, ಸಭಾಲಕ್ಷಣ ಕಾಣುತ್ತದೆ, ಪ್ರಸಂಗ ಏರುವ ಹೊತ್ತಿಗೆ ಪರದೆ ಕಪ್ಪು.

ಕಾರಣ ಪೆನ್‌ಡ್ರೈವಿನ ಫಾರ್ಮ್ಯಾಟ್, ಅಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ಹಳೆಯ ಪ್ಲೇಯರ್‌ಗಳಿಗೆ, ಕಾರ್ ಸ್ಟೀರಿಯೊಗಳಿಗೆ ಗೊತ್ತಿರುವುದು ಫ್ಯಾಟ್32 ಒಂದೇ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಈಗ ಲೆಕ್ಕ ಹಾಕಿ. ರಾತ್ರಿ ಪೂರ್ತಿ ಆಟ ಎಂದರೆ 8 ಗಂಟೆ. ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ಅದು ಸುಮಾರು 18 ಜಿಬಿ. ಫ್ಯಾಟ್32 ಪೆನ್‌ಡ್ರೈವಿಗೆ ಅದನ್ನು ಕಾಪಿ ಮಾಡಲು ಹೋದರೆ ಜಾಗ ಬೇಕಾದಷ್ಟು ಇದ್ದರೂ ಕಂಪ್ಯೂಟರ್ 'ಫೈಲ್ ತೀರಾ ದೊಡ್ಡದು' ಎನ್ನುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡಿ ಕಾಪಿ ಮಾಡಿದರೆ ಆ ಪ್ಲೇಯರ್‌ಗೆ ಪೆನ್‌ಡ್ರೈವೇ ಕಾಣುವುದಿಲ್ಲ. ಕೆಲವು ಕ್ಯಾಮೆರಾಗಳು ತಾವಾಗಿ 4 ಜಿಬಿಗೊಂದು ತುಂಡು ಮಾಡುತ್ತವೆ. ಕಳಿಸುವವರು ಮೊದಲ ತುಂಡನ್ನು ಮಾತ್ರ ಕಾಪಿ ಮಾಡಿರುತ್ತಾರೆ. ಆಟ ಅರ್ಧಕ್ಕೆ ನಿಲ್ಲುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಹಾಗಾಗಿ ಮೊದಲು ಊರಿಗೆ ಫೋನ್ ಮಾಡಿ, ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಫೈಲುಗಳಿವೆಯಾ ಎಂದು ಕೇಳಿ. ಕಾರ್ಡ್ ಅಳಿಸುವ ಮೊದಲೇ ಕೇಳಿ.

ಪರಿಹಾರ ಎರಡು ಉಂಟು. ನೋಡುವುದು ಹೊಸ ಟಿವಿ ಅಥವಾ ಫೋನಿನಲ್ಲಾದರೆ ಖಾಲಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿ ಫೈಲನ್ನು ಇಡಿಯಾಗಿ ಹಾಕಿ. ಹಳೆಯ ಪ್ಲೇಯರ್ ಆದರೆ ಫೈಲನ್ನು ತುಂಡು ಮಾಡಿ. ಎಂಕೆವಿ ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶ ಗುಣಮಟ್ಟ ಕೆಡಿಸದೆ ತುಂಡು ಮಾಡುತ್ತದೆ. ಎಂಕೆವಿ ಫೈಲ್ ಓದದ ಪ್ಲೇಯರ್ ಆದರೆ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಎಂಪಿ4 ಆಗಿ ಚಿಕ್ಕದು ಮಾಡಿ. ಏಳಿಂಚಿನ ಪ್ಲೇಯರುಗಳಲ್ಲಿ ಹೆಚ್ಚಿನವುಗಳ ಪರದೆ ಬರೀ 480x234 ಚುಕ್ಕೆಗಳದ್ದು. ಅದಕ್ಕೆ ದೊಡ್ಡ ಎಚ್‌ಡಿ ಫೈಲ್ ಕೊಟ್ಟು ಏನೂ ಲಾಭವಿಲ್ಲ. ಚಿತ್ರವನ್ನು ಧೈರ್ಯವಾಗಿ ಇಳಿಸಿ. ಧ್ವನಿಯನ್ನು ಮಾತ್ರ 128 ಕಿಲೋಬಿಟ್‌ಗಿಂತ ಕೆಳಗೆ ಇಳಿಸಬೇಡಿ. ಅದಕ್ಕಿಂತ ಇಳಿದರೆ ಚೆಂಡೆಯ ಪೆಟ್ಟು ಒಡೆದು ಕೇಳುತ್ತದೆ, ಭಾಗವತರ ಏರುದನಿ ಸೀಳುತ್ತದೆ. ಆಮೇಲೆ ನೋಡಿ ಎಂಥ ಪ್ರಯೋಜನ?

ಧ್ವನಿ ಬರುತ್ತದೆ, ಚಿತ್ರ ಇಲ್ಲ ಎಂದಾದರೆ ಫೈಲ್ ಎಚ್.265 ಮಾದರಿಯಲ್ಲಿರಬಹುದು. ಹೊಸ ಫೋನುಗಳಲ್ಲಿ ಹಲವು ಜಾಗ ಉಳಿಸಲು ಹಾಗೆ ರೆಕಾರ್ಡ್ ಮಾಡುತ್ತವೆ. ಹಳೆಯ ಪ್ಲೇಯರ್‌ಗೆ ಅದು ಅರ್ಥವಾಗುವುದಿಲ್ಲ. ಎಚ್.264ಕ್ಕೆ ಬದಲಿಸಿದರೆ ಓಡಬಹುದು. ತೀರಾ ಹಳೆಯದಕ್ಕೆ ಎಕ್ಸ್‌ವಿಡ್ ಎಂಬ ಇನ್ನೂ ಹಳೆಯ ಮಾದರಿ ಬೇಕಾಗುತ್ತದೆ. ಚಿತ್ರ ಇದೆ, ಧ್ವನಿ ಇಲ್ಲ ಎಂದಾದರೆ ಧ್ವನಿಯ ಭಾಗ ಡಾಲ್ಬಿ ಅಥವಾ ಡಿಟಿಎಸ್ ಆಗಿರಬಹುದು. ಫೋನಿನಲ್ಲಿ ಈ ಎರಡೂ ತೊಂದರೆಗೆ ವಿಎಲ್‌ಸಿ ಎಂಬ ಉಚಿತ ಆ್ಯಪ್ ಹಾಕಿ ನೋಡುವುದು ಅತಿ ಸುಲಭದ ಪರೀಕ್ಷೆ. ವಿಎಲ್‌ಸಿಯಲ್ಲಿ ಓಡಿತೆಂದರೆ ಫೈಲ್ ಸರಿಯಿದೆ, ಮೊದಲಿನ ಪ್ಲೇಯರ್‌ಗೆ ಅದು ಓದಲು ಬರುತ್ತಿಲ್ಲ ಅಷ್ಟೆ.

ಕನ್ನಡದ ಫೈಲ್ ಹೆಸರುಗಳೂ ಕಾಟ ಕೊಡುತ್ತವೆ. ಹಳೆಯ ಪ್ಲೇಯರಿನಲ್ಲಿ ಕನ್ನಡದ ಫಾಂಟ್ ಇರುವುದಿಲ್ಲ. ಹೆಸರಿನ ಜಾಗದಲ್ಲಿ ಚೌಕಗಳು ಕಾಣುತ್ತವೆ, ಕೆಲವು ಸಲ ಫೈಲ್ ತೆರೆಯುವುದೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಡಿ. ಸಬ್‌ಟೈಟಲ್ ಚೌಕಗಳಾಗಿ ಕಂಡರೂ ಕಾರಣ ಫಾಂಟೇ. ಪ್ರಶ್ನೆಚಿಹ್ನೆಗಳಾಗಿ ಕಂಡರೆ ಫೈಲನ್ನು ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರ ಹಿಡಿಯುವ ಪದ್ಧತಿ) ಆಗಿ ಉಳಿಸಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದನ್ನು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಯೂನಿಕೋಡ್‌ಗೆ ಬದಲಿಸಬೇಕು.

ಇನ್ನು ಪೆನ್‌ಡ್ರೈವಿನ ಮೇಲೇ ಅನುಮಾನ ಬಂದರೆ. ಹೊರಡುವ ರಾತ್ರಿ ಅವಸರದಲ್ಲಿ ಕಾಪಿ ಮಾಡಿ, 'ಇಜೆಕ್ಟ್' ಒತ್ತದೆ ಕಿತ್ತಿದ್ದರೆ ಕೊನೆಯ ಫೈಲುಗಳು ಕೆಟ್ಟಿರುತ್ತವೆ. ತೀರಾ ಅಗ್ಗಕ್ಕೆ ಸಿಕ್ಕಿದ ದೊಡ್ಡ ಪೆನ್‌ಡ್ರೈವ್ ಆದರೆ ಅದರ ಮೇಲೆ ಬರೆದಷ್ಟು ಜಾಗ ನಿಜವಾಗಿ ಇರದಿರಬಹುದು. ಅದರಲ್ಲಿ ಮೊದಲ ಕೆಲವು ಫೈಲ್ ಓಡುತ್ತವೆ, ನಂತರದವು ಯಾವುದೂ ತೆರೆಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಇದನ್ನು ಪರೀಕ್ಷಿಸಬಹುದು. ಖಾಲಿ ಪೆನ್‌ಡ್ರೈವ್ ಮೇಲೆ ಮಾತ್ರ ಪರೀಕ್ಷಿಸಿ.

ಡಿವಿಡಿ ತಿರುಗುತ್ತದೆ, ಚಿತ್ರ ಬರುವುದಿಲ್ಲ

'ರಾಂಗ್ ರೀಜನ್' ಎಂದು ಬಂದರೆ ಡಿಸ್ಕ್ ಕೆಟ್ಟಿಲ್ಲ. ಡಿವಿಡಿಗಳಿಗೆ ಜಗತ್ತನ್ನು ವಲಯಗಳಾಗಿ ಹಂಚಿದ್ದಾರೆ. ಭಾರತ 5, ಗಲ್ಫ್ ಮತ್ತು ಯುರೋಪು 2, ಅಮೆರಿಕ ಮತ್ತು ಕೆನಡಾ 1, ಆಸ್ಟ್ರೇಲಿಯಾ 4. ಕವರಿನ ಹಿಂದೆ ಗ್ಲೋಬಿನ ಚಿತ್ರದೊಳಗೆ ಈ ಅಂಕೆ ಇರುತ್ತದೆ. ಮಂಗಳೂರಿನಲ್ಲಿ ಕೊಂಡ 5ರ ಡಿಸ್ಕನ್ನು ದೋಹಾದಲ್ಲಿ ಕೊಂಡ 2ರ ಪ್ಲೇಯರ್ ಒಪ್ಪುವುದಿಲ್ಲ. ಎಲ್ಲ ವಲಯಕ್ಕೂ ಆಗುವ ಡಿಸ್ಕುಗಳೂ ಇವೆ, ಎಲ್ಲ ವಲಯ ಓದುವ ಪ್ಲೇಯರುಗಳೂ ಇವೆ. ಲ್ಯಾಪ್‌ಟಾಪಿನ ಡ್ರೈವ್ ಆದರೆ ವಲಯ ಬದಲಿಸಲು 5 ಸಲ ಮಾತ್ರ ಅವಕಾಶ, ಐದನೆಯದಕ್ಕೆ ಅಲ್ಲೇ ಬೀಗ ಬೀಳುತ್ತದೆ. ಒಂದು ಸಿನೆಮಾ ನೋಡಲು ಅದನ್ನು ಮುಗಿಸಬೇಡಿ.

ಮದುವೆ ಡಿವಿಡಿಗೆ ಈ ವಲಯದ ಕಾಟ ಇಲ್ಲ. ಅದು ಅಮೆರಿಕದಲ್ಲಿ ಓಡದಿದ್ದರೆ ಕಾರಣ ಬೇರೆ. ನಮ್ಮ ಸ್ಟುಡಿಯೊಗಳು ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಮಾಡುತ್ತವೆ, ಸೆಕೆಂಡಿಗೆ 25 ಚಿತ್ರ. ಅಲ್ಲಿನದು ಎನ್‌ಟಿಎಸ್‌ಸಿ, ಸುಮಾರು 30. ಅಲ್ಲಿನ ಹಳೆಯ ಪ್ಲೇಯರ್ ಮತ್ತು ಟಿವಿಯಲ್ಲಿ ಚಿತ್ರ ಉರುಳುತ್ತದೆ, ಕಪ್ಪುಬಿಳಿ ಆಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಕಂಪ್ಯೂಟರಿನಲ್ಲಿ ಹಾಕಿದರೆ ಓಡುತ್ತದೆ. ಅಲ್ಲೂ ಓಡದಿದ್ದರೆ ಡಿಸ್ಕ್ ಬರೆದವರು ಕೊನೆಗೆ ಅದನ್ನು ಮುಚ್ಚುವ ಫೈನಲೈಸ್ ಕೆಲಸ ಮಾಡಿಲ್ಲ, ಅಥವಾ ಗೀರು ಬಿದ್ದಿದೆ. ಸಾಧ್ಯವಾದರೆ ಇಂಥ ಡಿಸ್ಕುಗಳನ್ನು ಈಗಲೇ ಎಂಪಿ4 ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ಮನೆಯಲ್ಲಿ ಬರೆದ ಡಿಸ್ಕಿನ ಆಯಸ್ಸು ನಂಬುವಂಥದ್ದಲ್ಲ, ನಮ್ಮ ಮಳೆಗಾಲದಲ್ಲಂತೂ ಅದಕ್ಕೆ ಬೂಸ್ಟು ಹಿಡಿಯುತ್ತದೆ.

ಡೌನ್‌ಲೋಡ್ ಮಾಡಿದ್ದೂ ತೆರೆಯುವುದಿಲ್ಲ

ಆ್ಯಪಿನಲ್ಲಿ ಸಿನೆಮಾ ಇಳಿಸಿಕೊಂಡರೆ ಅದು ನಮ್ಮದಾಯಿತು ಎಂದುಕೊಳ್ಳುತ್ತೇವೆ. ಹಾಗಲ್ಲ. ಆ ಫೈಲಿಗೆ ಬೀಗ ಇರುತ್ತದೆ, ಬೀಗದ ಕೀಗೆ ಅವಧಿ ಇರುತ್ತದೆ. ಕೆಲವಕ್ಕೆ ನೋಡಲು ಶುರುಮಾಡಿದ 48 ಗಂಟೆಯಲ್ಲೇ ಅವಧಿ ಮುಗಿಯುತ್ತದೆ. ಇನ್ನು ಕೆಲವು ಆಗಾಗ ಇಂಟರ್‌ನೆಟ್‌ಗೆ ಸೇರಿ ಕೀ ಹೊಸದು ಮಾಡಿಕೊಳ್ಳಬೇಕು. ಅದರ ಮೇಲೆ ದೇಶದ ಲೈಸೆನ್ಸ್. ಆ್ಯಪಿನ ಕಂಪನಿ ಒಂದು ಸಿನೆಮಾದ ಹಕ್ಕನ್ನು ಭಾರತಕ್ಕೆ ಮಾತ್ರ ಕೊಂಡಿದ್ದರೆ ಬೇರೆ ದೇಶದಲ್ಲಿ ಅದು ಕಾಣುವುದಿಲ್ಲ. ಇದನ್ನು ಯಾವ ರಿಪೇರಿಯವನೂ ಸರಿ ಮಾಡಲಾರ. ನೀವು ಬೇರೆ ದೇಶದಲ್ಲಿ ಇದ್ದಂತೆ ತೋರಿಸುವ ವಿಪಿಎನ್ ಹಾಕು ಎಂದು ಸಲಹೆ ಕೊಡುವವರು ಇದ್ದಾರೆ. ಯುಎಇಯಲ್ಲಿ 2021ರ ಸೈಬರ್ ಕಾನೂನಿನ ಪ್ರಕಾರ, ಅಪರಾಧ ಮಾಡಲು ಅಥವಾ ಅದನ್ನು ಮರೆಮಾಡಲು ವಿಪಿಎನ್ ಬಳಸಿದರೆ ಜೈಲಿನ ಜೊತೆಗೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಹಾಕಬಹುದು. ದುಡಿಯಲು ಹೋದವರು ಒಂದು ಸಿನೆಮಾಕ್ಕಾಗಿ ಅಂಥ ಕಾನೂನಿನ ಹತ್ತಿರ ಸುಳಿಯುವುದು ಬೇಡ.

ಆದರೆ ಸರಿಮಾಡಬಹುದಾದ ಒಂದು ದೋಷ ಇಲ್ಲಿದೆ, ಅದು ಗಡಿಯಾರ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ತುಂಬ ಜನ ಟೈಮ್ ಜೋನ್ ಬದಲಿಸುವ ಬದಲು ಮುಳ್ಳನ್ನೇ ಹಿಂದೆ ಸರಿಸುತ್ತಾರೆ. ಜೋನ್ ಭಾರತದ್ದೇ ಉಳಿಯುತ್ತದೆ. ಆಗ ಸಾಧನದ ಲೆಕ್ಕದಲ್ಲಿ ಸಮಯ ತಪ್ಪು. ಸಮಯ ತಪ್ಪಿದರೆ ಆ್ಯಪ್‌ಗೆ ಅನುಮಾನ ಬಂದು ವಿಡಿಯೊ ತೆರೆಯದಿರಬಹುದು. ಬ್ಯಾಟರಿ ಪೂರ್ತಿ ಇಳಿದು ತಾರೀಕೇ ಹಳೆಯದಾದ ಟ್ಯಾಬ್‌ನಲ್ಲಿ ವೆಬ್‌ಸೈಟುಗಳೂ ತೆರೆಯುವುದಿಲ್ಲ. ಸೆಟಿಂಗ್ಸ್‌ನಲ್ಲಿ ಸಮಯ ಮತ್ತು ಜೋನ್ ಎರಡನ್ನೂ ಆಟೋಮ್ಯಾಟಿಕ್ ಮಾಡಿ, ಸಾಧನ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಆ್ಯಪ್ ಲಾಗ್‌ಔಟ್ ಆದರೆ ಒಟಿಪಿ ಊರಿನ ಸಿಮ್‌ಗೆ ಬರುತ್ತದೆ. ಹೊರಡುವ ಮೊದಲು ಆ ಸಿಮ್‌ಗೆ ರೋಮಿಂಗ್ ಮಾಡಿಸಿಕೊಳ್ಳಿ. ಡೌನ್‌ಲೋಡ್ ಮಾಡಿದ್ದನ್ನು ಮನೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ತೆರೆದು ನೋಡಿ. ಸ್ವಂತ ಫೈಲುಗಳಿಗೆ ಈ ಯಾವ ತಲೆಬಿಸಿಯೂ ಇಲ್ಲ. ಊರಿನವರು ಹಿಡಿದ ಆಟ, ಮನೆಯ ಪೂಜೆ ಇವನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. 2 ಜಿಬಿ ತನಕ ಗುಣಮಟ್ಟ ಇಳಿಯದೆ ಹೋಗುತ್ತದೆ.

ಟಿವಿಗೆ ಜೋಡಿಸಿದರೆ

ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐ ಕೇಬಲ್ ಕೊಂಡು ನಿರಾಶರಾದವರು ಬಹಳ. ಎಲ್ಲ ಫೋನಿನ ಯುಎಸ್‌ಬಿ-ಸಿ ಚಿತ್ರ ಕಳಿಸುವುದಿಲ್ಲ. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಅದು ಚಾರ್ಜಿಗೆ ಮತ್ತು ಫೈಲಿಗೆ ಮಾತ್ರ. ಕೇಬಲ್ ಕೊಳ್ಳುವ ಮೊದಲು ಫೋನಿನ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಎಂಬ ಮಾತು ಇದೆಯಾ ನೋಡಿ. ಫೋನಿನ ಮುಖಪುಟ ಟಿವಿಯಲ್ಲಿ ಕಾಣುತ್ತದೆ, ಸಿನೆಮಾ ಹಾಕಿದಾಗ ಮಾತ್ರ ಕಪ್ಪು ಎಂದಾದರೆ ಅದು ಕಾಪಿ ತಡೆಯುವ ಬೀಗ. ಅಗ್ಗದ ಕೇಬಲ್‌ಗಳು ಅದನ್ನು ದಾಟುವುದಿಲ್ಲ.

ವಿಮಾನದೊಳಗೆ

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಿದರೆ ಬ್ಯಾಗ್ ತಡೆಹಿಡಿಯುತ್ತಾರೆ. 100 ವ್ಯಾಟ್-ಅವರ್ ತನಕ ಸಾಮಾನ್ಯವಾಗಿ ಒಪ್ಪುತ್ತಾರೆ. ಅದರ ಮೇಲಿನ ಮಿಲಿಆಂಪಿಯರ್-ಅವರ್ (mAh) ಅಂಕೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 20,000ದ್ದು 74 ಆಗುತ್ತದೆ, 30,000ದ್ದು 111 ಆಗಿ ಗಡಿ ದಾಟುತ್ತದೆ. ಅಂಕೆ ಅಳಿಸಿಹೋದ ಪವರ್ ಬ್ಯಾಂಕ್ ಒಯ್ಯಬೇಡಿ. ಎಮಿರೇಟ್ಸ್ ವಿಮಾನಗಳಲ್ಲಿ 2025ರ ಅಕ್ಟೋಬರ್ 1ರಿಂದ ಪವರ್ ಬ್ಯಾಂಕ್ ಬಳಸುವಂತೆಯೇ ಇಲ್ಲ, ಒಂದನ್ನು ಒಯ್ಯಬಹುದು ಅಷ್ಟೆ. ಟಿಕೆಟ್ ಯಾವ ಕಂಪನಿಯದ್ದೋ ಅದರ ನಿಯಮ ಓದಿಕೊಳ್ಳಿ.

ಸೀಟಿನ ಹಳೆಯ ಯುಎಸ್‌ಬಿ ಪೋರ್ಟುಗಳು ಬರೀ ಅರ್ಧ ಆಂಪಿಯರ್ ಕೊಡುತ್ತವೆ. ಟ್ಯಾಬ್‌ನಲ್ಲಿ ಸಿನೆಮಾ ನೋಡುತ್ತ ಚಾರ್ಜಿಗೆ ಹಾಕಿದರೂ ಬ್ಯಾಟರಿ ಇಳಿಯುತ್ತಲೇ ಹೋಗುವುದು ಸಹಜ, ಅದು ದೋಷ ಅಲ್ಲ. ಸೀಟಿನ ಟಿವಿಗೆ ನಿಮ್ಮ ಇಯರ್‌ಫೋನ್ ಹಾಕಿದಾಗ ಒಂದೇ ಕಿವಿಗೆ ಕೇಳಿದರೆ ಆ ಜಾಗಕ್ಕೆ ಎರಡು ಪಿನ್ನಿನ ಜ್ಯಾಕ್ ಬೇಕು ಎಂದರ್ಥ.

ಊರಿಗೆ ಮರಳಿದ ಮೇಲೆ

ಒಣ ಹವೆಯಲ್ಲಿ ಇದ್ದ ಸಾಧನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಊರಿಗೆ ಬಂದರೆ ಹೊಸ ತೊಂದರೆ ಶುರು. ಕಡಲ ಗಾಳಿಯ ಉಪ್ಪು ಮತ್ತು ತೇವ ಸೇರಿ ಚಾರ್ಜಿಂಗ್ ಪೋರ್ಟಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಟಾರ್ಚ್ ಹಾಕಿ ನೋಡಿದರೆ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ ಒಣಗಿಸಿದರೆ ಬಹಳಷ್ಟು ಸಲ ಚಾರ್ಜ್ ಮರಳುತ್ತದೆ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದರಿಂದ ಲಾಭವಿಲ್ಲ, ಅಕ್ಕಿಯ ಹುಡಿ ಪೋರ್ಟಿಗೆ ಹೋಗಿ ಇನ್ನೊಂದು ಕೆಲಸ ಆಗುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಮೊದಲು ಬಲಿಯಾಗುವುದು ಅಡಾಪ್ಟರ್. ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಕೊನೆಗೊಂದು, ಇದರಲ್ಲಿ ಮಾತ್ರ ಸ್ವಂತ ಪ್ರಯೋಗ ಬೇಡ. ಸಾಧನದ ಬೆನ್ನು ಉಬ್ಬಿದ್ದರೆ, ಪರದೆಯ ಅಂಚು ಮೇಲೆದ್ದಿದ್ದರೆ, ಮೇಜಿನ ಮೇಲೆ ಇಟ್ಟಾಗ ಫೋನ್ ಗಿರಕಿ ಹೊಡೆದರೆ ಬ್ಯಾಟರಿ ಊದಿಕೊಂಡಿದೆ. ಕೂಡಲೇ ಆಫ್ ಮಾಡಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಅಂಥ ಬ್ಯಾಟರಿಯನ್ನು ವಿಮಾನದಲ್ಲಿ ತರುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅಲ್ಲಿಯ ಸರ್ವಿಸ್ ಸೆಂಟರಿನಲ್ಲೇ ಬ್ಯಾಟರಿ ತೆಗೆಸಿ ಅವರಿಗೇ ಒಪ್ಪಿಸಿ. ಬ್ಯಾಟರಿ ಇಲ್ಲದ ಸಾಧನವನ್ನು ತನ್ನಿ, ಇಲ್ಲಿ ಹೊಸದು ಹಾಕಿಸಬಹುದು. ಒಳಗಿನ ಫೋಟೊ, ವಿಡಿಯೊಗಳು ಬೋರ್ಡಿನ ಮೆಮೊರಿಯಲ್ಲಿ ಇರುತ್ತವೆ, ಬ್ಯಾಟರಿ ತೆಗೆದರೆ ಅವು ಹೋಗುವುದಿಲ್ಲ.